ದಂಡ

ಗೋಣಿಕೊಪ್ಪದ ಕಾಲೇಜು ಲೈಬ್ರರಿಯಲ್ಲಿ
ನಾನು ಅಟೆಂಡರ್. ಪುಸ್ತಕದಲ್ಲಿ ಗೀಚಿದವರಿಗೆ
ಹತ್ತು ರೂಪಾಯಿ ದಂಡ ಹಾಕುವುದು ನನ್ನ ಕೆಲಸ.
ಇಂಗ್ಲಿಷ್ ಮೇಷ್ಟ್ರು ಉತ್ತಯ್ಯನವರನ್ನೂ ಬಿಟ್ಟಿಲ್ಲ.

ನಿನ್ನೆ ವಾಪಸಾದದ್ದು ಅಮೆರಿಕದ ಚರಿತ್ರೆ.
ಇಟ್ಟಿಗೆಯಷ್ಟು ದಪ್ಪ, ಬೆನ್ನು ಬಿಚ್ಚಿತ್ತು.
ಗೋಂದು ಒಣಗುವವರೆಗೆ ಓದಿದೆ.

ಹತ್ತಿ ಬಿಡಿಸುವ ಕೈಗಳ ಪುಟ.
ನಮ್ಮಲ್ಲಿ ಕಾಫಿ, ಅಷ್ಟೇ ವ್ಯತ್ಯಾಸ ಎನ್ನಲಾರೆ:
ಅವರನ್ನು ಹಡಗಿನಲ್ಲಿ ತಂದರು,
ನಮ್ಮನ್ನು ಇದ್ದಲ್ಲೇ ಬಿಟ್ಟು
ಕಾಡನ್ನು ಸಾಗಿಸಿದರು.

ಬಿಡುಗಡೆಯಾಯಿತೆಂಬ ಸುದ್ದಿ
ಒಂದು ಸೀಮೆಗೆ ಎರಡು ವರ್ಷ ತಡವಾಗಿ ಮುಟ್ಟಿತಂತೆ.
ಎರಡೇ ವರ್ಷವೇ!
ಜೀತ ಇನ್ನಿಲ್ಲವೆಂದು ದಿಲ್ಲಿ ಹೇಳಿ
ಎಷ್ಟೋ ಮಳೆಗಾಲದ ಮೇಲೆ ಅವ್ವ ಅದನ್ನು ಕೇಳಿದ್ದು
ತಿತಿಮತಿಯ ಸಂತೆಯಲ್ಲಿ,
ಒಣಮೀನು ಕಟ್ಟಿಕೊಟ್ಟ ಪೇಪರನ್ನು
ಯಾರಿಂದಲೋ ಓದಿಸಿ.
ಮೀನು ಚೆನ್ನಾಗಿತ್ತು ಎನ್ನುತ್ತಿದ್ದಳು.

ಪುಟ ನಾನೂರ ಹನ್ನೆರಡು. ಫೋಟೊ.
ಬರ್ಮಾದ ಗಡಿ, ಸೀಳಿದ ಬೆಟ್ಟ, ಮೊಣಕಾಲವರೆಗೆ ಕೆಸರು.
ಪಿಕಾಸಿ ಹಿಡಿದ ಕಪ್ಪು ಸೋಲ್ಜರುಗಳು, ಒಂಬತ್ತು ಮಂದಿ.
ಬಿಳಿಯರೆಲ್ಲಿ ಎಂದು ಹುಡುಕಬೇಡಿ,
ಅವರ ಪಡೆ ಬೇರೆ, ಊಟದ ಡೇರೆ ಬೇರೆ,
ಗಾಯಕ್ಕೆ ಏರಿಸುವ ರಕ್ತದ ಬಾಟಲಿಗೂ ಬೇರೆ ಚೀಟಿ.
ಹಿಂದುಗಡೆ, ಬುಟ್ಟಿ ಹೊತ್ತು, ಮುಖ ಅರ್ಧ ತಿರುಗಿಸಿ
ಒಬ್ಬ ಕುಳ್ಳ.
ಕೆಳಗೆ ಅಚ್ಚಾಗಿದೆ: ಸ್ಥಳೀಯ ಕೂಲಿ.

ಬೊಳಕಜ್ಜ ದಂಡಿಗೆ ಹೋಗಿದ್ದ.
ಹೋದದ್ದಲ್ಲ, ಕಳಿಸಿದ್ದು.
ತೋಟಕ್ಕಿಷ್ಟು ಆಳು ಎಂದು ಸರ್ಕಾರ ಕೇಳಿದಾಗ
ಸಾಹುಕಾರರು ಲೈನ್‌ಮನೆಯ ಮುಂದೆ ನಿಂತು
ಬೆರಳು ತೋರಿಸಿದರಂತೆ, ಕೋಳಿ ಆರಿಸುವ ಹಾಗೆ.
ಬಂದೂಕು ಕೊಡಲಿಲ್ಲ. ಬುಟ್ಟಿ ಕೊಟ್ಟರು.

"ಅಲ್ಲಿ ನಮ್ಮ ಬಣ್ಣದ ದೊರೆ ಇದ್ದ,
ಬೂಟು ಹಾಕಿದ್ದ, ಆನೆಯಂಥ ಯಂತ್ರ ಓಡಿಸುತ್ತಿದ್ದ.
ತಗಡಿನ ಡಬ್ಬಿಯಿಂದ ಹಳದಿ ಹಣ್ಣು ತೆಗೆದುಕೊಟ್ಟ.
ಮಾತು ತಿಳಿಯದು. ಸೊಂಟದ ಮೇಲೆ ಕೈಯಿಟ್ಟು
ಅವನ ನೋವು ಅವನು ತೋರಿಸಿದ, ನನ್ನದು ನಾನು."
ದೊರೆ ಎಲ್ಲಿ ಕೂತು ಉಣ್ಣುತ್ತಿದ್ದ ಅಜ್ಜ? ಎಂದೆ.
ಎಲೆಯಡಿಕೆ ಉಗಿದು ಅಂದ:
"ಅವರಿಗೂ ಲೈನು ಬೇರೆ."

ನಮ್ಮೂರ ಕಡೆ ವೃತ್ತಗಳಲ್ಲಿ ಕಂಚಿನ ಸೈನಿಕರಿದ್ದಾರೆ.
ಶೂರರು, ಸುಳ್ಳಲ್ಲ, ನಾನೂ ಕೈ ಮುಗಿಯುತ್ತೇನೆ.
ರಸ್ತೆ ಕಡಿದವರಿಗೆ ಯಾರು ಕಂಚು ಹೊಯ್ಯುತ್ತಾರೆ?
ಅವರ ಮೇಲೆ ನಡೆದೇ ಹೋಗುತ್ತಾರೆ.
ಅಜ್ಜನ ಹೆಸರು ಉಳಿದದ್ದು ತೋಟದ ಲೆಕ್ಕದಲ್ಲಿ:
ಬೊಳಕ, ಗಂಡಾಳು, ಮುಂಗಡ ಇಪ್ಪತ್ತೆರಡು.
ದಂಡಿನಿಂದ ಬಂದ ದಿನ ಅದು ಇಪ್ಪತ್ತೊಂಬತ್ತು.
ಇಲ್ಲದಿದ್ದ ಮೂರು ವರ್ಷದ ಬಡ್ಡಿ.
ದಂಡಿನ ಕೊಂಬು ಅಳಿಸಿದರೆ ದಂಡ.

ಕುಂಡೆ ಹಬ್ಬದಂದು, ದೇವರನ್ನೂ ಬೈಯಬಹುದಾದ ಆ ಒಂದು ದಿನ,
ಅಜ್ಜ ಡಬ್ಬ ಬಡಿದು ಬಡ್ಡಿಯನ್ನು ಬೈದ.
ಮರುದಿನ ಏಳಕ್ಕೆ ಕೆಲಸಕ್ಕೆ ಹೋದ.

ಆ ಕುಳ್ಳ ಅಜ್ಜನೇ? ಗೊತ್ತಿಲ್ಲ. ಬಹುಶಃ ಅಲ್ಲ.
ಯಾರದೋ ಅಜ್ಜ.
ಒಂಬತ್ತು ಮಂದಿಗೂ ಹೆಸರಿಲ್ಲ, ಪಡೆಯ ನಂಬರು ಮಾತ್ರ.
ಯಾವುದೋ ಊರಿನಲ್ಲಿ ಯಾವಳೋ ಮೊಮ್ಮಗಳು
ಇದೇ ಪುಟದ ಮೇಲೆ ಬೆರಳಿಟ್ಟು ಕೂತಿರಬಹುದು.
ಕಂಡರೆ ಹೇಳಿ,
ಹಣ್ಣು ಸಿಹಿಯಿತ್ತಂತೆ.

ಬಾಗಿಲು ಹಾಕುವ ಹೊತ್ತು. ಪೆನ್ಸಿಲ್ ಕೆತ್ತಿ
'ಸ್ಥಳೀಯ ಕೂಲಿ'ಯ ಪಕ್ಕ ಸಣ್ಣಗೆ ಬರೆದೆ:
ಬೊಳಕ, ಇರಬಹುದು.

ಆಮೇಲೆ ಹತ್ತು ರೂಪಾಯಿ ಡಬ್ಬಿಗೆ ಹಾಕಿ
ರಸೀದಿ ಹರಿದೆ.
ಕಾರಣ: ಹೆಸರು ಬರೆದದ್ದು.
ಕಟ್ಟಿದವರ ಸಹಿ, ಪಡೆದವರ ಸಹಿ,
ಎರಡೂ ನನ್ನವೇ.