ಮುಟ್ಟಿದರೆ ಮುನಿ

ಹಳೆಯದೇ ಸಾಕು ಎಂದು ಫೋನಿನಲ್ಲಿ ಹೇಳಿದ್ದೆ.
ಆದರೂ ಬಂದ ನಿಷಾದ್, ಗೋಣಿಕೊಪ್ಪದಿಂದ,
ಬೈಕಿನ ಹಿಂದೆ ರಬ್ಬರ್ ಪಟ್ಟಿಯಲ್ಲಿ ಬಿಗಿದ ಪೆಟ್ಟಿಗೆ.
‘ಅಕ್ಕಾ, ಹೊಸ ಸಿಸ್ಟಮ್. ಇನ್ನು ಮೌಸು ಬೇಡ.
ಬೆರಳಿದ್ದರೆ ಆಯ್ತು.’

ಬೆರಳು ಉಂಟು.
ಹದಿನಾರು ವರ್ಷದಿಂದ ಸಿದ್ದಾಪುರದ ಈ ಕಾಫಿ ಡಿಪೋದಲ್ಲಿ
ಅವುಗಳದ್ದೇ ಕೆಲಸ.
ಚೀಲದೊಳಗೆ ಮೊಣಕೈವರೆಗೆ ಇಳಿದು
ತಳದ ಬೀಜ ಹಿಡಿದು, ತಿಕ್ಕಿ,
ಮೀಟರು ಕಣ್ಣು ಬಿಡುವ ಮೊದಲೇ
ತೇವ ಹನ್ನೊಂದೂವರೆ ಎಂದುಬಿಡುತ್ತವೆ.
ಕಂಪ್ಯೂಟರಿಗೆ ಅದು ತಿಳಿಯದು,
ನಾನೇ ಕುಟ್ಟಿ ಕುಟ್ಟಿ ಹೇಳಬೇಕು.
ಇನ್ನು ಕುಟ್ಟುವುದಿಲ್ಲವಂತೆ. ಸವರುವುದು.

ಪರದೆ ತುಂಬ ಬಣ್ಣದ ಚೌಕಗಳು,
ಒಬ್ಬೊಬ್ಬರ ತೋಟದ ಹಣ್ಣು ಬೆರೆಯದಂತೆ
ಹಲಗೆ ಅಡ್ಡವಿಟ್ಟು ಕಣದಲ್ಲಿ ಹರವಿದ ಹಾಗೆ.
ಚೆಂದವೇ, ಸುಳ್ಳು ಹೇಳಲಾರೆ.
ಒಂದು ಚೌಕದಲ್ಲಿ ಯಾವ ಊರಿನದೋ ಬಿಸಿಲು ಹೊಳೆಯುತ್ತಿತ್ತು,
ಹೊರಗೆ ಡಿಸೆಂಬರಿನ ಅಡ್ಡಮೋಡಕ್ಕೆ
ಹುಡುಗರು ಟಾರ್ಪಾಲು ಎಳೆಯುತ್ತಿದ್ದರು.

ಎಡಮೂಲೆಯ ಗುಂಡಿ ಎಲ್ಲಿ? ಕೇಳಿದೆ.
‘ತೆಗೆದಿದ್ದಾರೆ ಅಕ್ಕಾ.’
ಮತ್ತೆ ಇದನ್ನು ಮುಚ್ಚುವುದು?
ಅವನೂ ಹುಡುಕಿದ. ಬಲದಿಂದ ಎಳೆದ, ಮೇಲಿನಿಂದ ಎಳೆದ,
ಹೆಂಡತಿಗೆ ಮುಖ ತೋರಿಸಲಾರದವನ ಹಾಗೆ ನಕ್ಕ.
ಅಷ್ಟರಲ್ಲಿ ಕರೆಂಟು ಹೋಯಿತು.
ಮುಚ್ಚಿತು.

ಕತ್ತಲಲ್ಲಿ ಯೋಚಿಸಿದೆ.
ಲಾರಿ ತೂಗುವ ಯಂತ್ರದ ವಯರಿಗೆ ಒಂಬತ್ತು ಹಲ್ಲು,
ಹೊಸದರಲ್ಲಿ ಅದಕ್ಕೆ ಬಾಯಿಲ್ಲ.
ಹಳೆಯದಕ್ಕೆ ಇನ್ನು ಮದ್ದು ಬರುವುದಿಲ್ಲವಂತೆ,
ವೈರಸ್ಸು ಹಿಡಿದರೆ ಹದಿನಾರು ವರ್ಷದ ಲೆಕ್ಕ
ಬೋರರ್ ಹೊಕ್ಕ ಗಿಡದ ಹಾಗೆ, ಹೊರಗೆ ಹಸಿರು, ಒಳಗೆ ಪುಡಿ.
ಚೀಯಣ್ಣನವರನ್ನು ಕೇಳಿದರೆ
‘ನಿನ್ನ ಕುರ್ಚಿ, ನಿನ್ನ ಕೈ, ನೀನೇ ಹೇಳು’ ಎಂದು
ಜೀಪಿಗೆ ಹತ್ತಿದರು.

ಕರೆಂಟು ಬಂತು. ಅದರ ಜೊತೆಗೇ ಮುತ್ತಿ ಬಂದಳು,
ವಾರದ ಬಟವಾಡೆಗೆ.
ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ
ನಾಲ್ಕು ಸಲ ಒತ್ತಿದರೂ ಇವಳಲ್ಲ ಎನ್ನುತ್ತದೆ ಅವಳನ್ನು.
ಕೊಯ್ದು ಕೊಯ್ದು ಗೆರೆ ಸವೆದಿದೆ,
ಹಣ್ಣಿನ ಅಂಟು ಕಪ್ಪಾಗಿ ಕೂತಿದೆ.
‘ಏನಿದು, ಟಿವಿಯಾ?’
ನಿಷಾದ್ ಹುಡುಗುಬುದ್ಧಿಯಲ್ಲಿ ‘ಮುಟ್ಟಿ ನೋಡಿ’ ಎಂದ.
ಅವಳು ನನ್ನನ್ನು ನೋಡಿದಳು.

ಮೇಜಿನ ಮೇಲೆ, ಹಳೆಯ ಕಂಪ್ಯೂಟರಿನ ನೆತ್ತಿಯಲ್ಲಿ,
ಕೆಂಪು ಸ್ಕೆಚ್ ಪೆನ್ನಿನ ನನ್ನದೇ ದುಂಡಕ್ಷರ,
ಮೇಲೆ ಟೇಪು ಮೆತ್ತಿ: ಮುಟ್ಟಬೇಡಿ.
ಧೂಳಿಗೆಂದು ಬರೆದದ್ದು. ಅಂಟಿಗೆಂದು.
ಹಾಗೆಂದೇ ಅಂದುಕೊಂಡಿದ್ದೆ ಇಷ್ಟು ದಿನ.
ಅವಳಿಗೆ ಓದು ಬಾರದು,
ಆದರೂ ಒಂದು ದಿನವೂ ಮುಟ್ಟಿರಲಿಲ್ಲ.

ನಾನು ತಲೆಯಾಡಿಸಿದೆನೋ, ನೆನಪಿಲ್ಲ.
ಬೆರಳನ್ನು ಸೀರೆಗೆ ಒರೆಸಿ, ಮತ್ತೊಮ್ಮೆ ಒರೆಸಿ,
ಹಾವಿನ ಬಾಲ ತಟ್ಟುವವಳ ಹಾಗೆ ತಟ್ಟಿದಳು.
ಚೌಕ ಅರಳಿತು.
ಯಾರು ನೀನು ಎಂದು ಕೇಳಲಿಲ್ಲ ಅದು.
ಗೆರೆ ತೋರಿಸು ಎನ್ನಲಿಲ್ಲ.
ಬೆಚ್ಚಗಿನ ಒಂದು ಬೆರಳು ಎಂದಷ್ಟೇ ತಿಳಿಯಿತು ಅದಕ್ಕೆ.
‘ಅಯ್ಯೋ, ಮುಟ್ಟಿದರೆ ಮುನಿ ಉಲ್ಟಾ!’
ಮುತ್ತಿ ನಕ್ಕ ಸದ್ದಿಗೆ
ಟಾರ್ಪಾಲಿನ ಹುಡುಗರು ಇಣುಕಿದರು.

ದುಡ್ಡು ಎಣಿಸಿ ಅವಳು ಹೋದಳು.
ನಿಷಾದ್ ಪೆಟ್ಟಿಗೆಗೆ ತುಂಬುವ ಮೊದಲು
ಹಳದಿ ಬಟ್ಟೆಯಿಂದ ಗಾಜು ಒರೆಸಿದ.
ಆ ಗುರುತು ಹೋಯಿತು.
ಬೇಡ ಇರಲಿ ಎನ್ನಲು ಬಾಯಿ ಬಂದಿತ್ತು,
ಏನೆಂದು ಹೇಳುವುದು?

‘ಹಾಗಾದರೆ ಏನು ಮಾಡಲಿ ಅಕ್ಕಾ?’
ಸುಗ್ಗಿ ಮುಗಿಯಲಿ ಎಂದೆ. ಮಾರ್ಚಿಗೆ ಬಾ.
ಆ ವಯರಿಗೊಂದು ಬಾಯಿ ಹುಡುಕಿಕೊಂಡು ಬಾ.

ಅವನ ಬೈಕು ತೂಗುಸೇತುವೆ ದಾಟುವಾಗ
ಹಳೆಯ ಪರದೆಯ ಮೇಲೆ
ಒಬ್ಬ ಹುಡುಗ, ಒಂದು ಪೆಟ್ಟಿಗೆ, ಒಂದು ಬೈಕು:
ಇನ್ನೂರ ಇಪ್ಪತ್ತು ಕಿಲೊ ಎಂದು ಬಿತ್ತು.
ನಾನು ಚೀಟಿಯ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದೆ.
‘ಮುಟ್ಟ’ ಉಳಿಯಿತು.
‘ಬೇಡಿ’ ಕೈಗೆ ಬಂತು.