ಇನ್ನೆರಡು ಚುಕ್ಕೆ

ಹೆಸರು ಕೇಳಿದರು ಪರೀಕ್ಷಾ ವಿಭಾಗದ ಗುಮಾಸ್ತರು.
ಹೇಳಿದೆ. ಕೇಳಿಸಿದ ಹಾಗೇ ಬರೆದುಕೊಂಡರು:
ಏಮಾವತಿ ಕೆ. ಸಿ., ಬಿ.ಎಸ್ಸಿ. ಎರಡನೇ ವರ್ಷ,
ಮಹಾರಾಣಿ ಕಾಲೇಜು, ಲಿಪಿಕಾರರು.
ಠಸ್ಸೆ ಬಿತ್ತು. ತಿದ್ದಿಸುವ ಧೈರ್ಯ ಬರಲಿಲ್ಲ.

ನಾನು ಹುಟ್ಟಿದ ವರ್ಷ ನಾಲೆಯ ಕೊನೆಗೂ ನೀರು ಬಂತಂತೆ,
ಅದಕ್ಕೇ ಅಪ್ಪ ಇಟ್ಟದ್ದು ಹೊಳೆಯ ಹೆಸರು.
ಊರಲ್ಲಿ ಯಾರ ಬಾಯಲ್ಲೂ ಅದರ ತಲೆ ಉಳಿಯಲಿಲ್ಲ.
ಹಾಲು ಆಲು, ಹಸು ಅಸ, ಹೂವು ಊವು,
ಕೆ.ಆರ್. ಪೇಟೆಯ ಆಚೆಗೆ ಅದೊಂದು ಸಂಗತಿಯೇ ಅಲ್ಲ.
ಮೈಸೂರಿಗೆ ಬಂದು ಮೊದಲ ಸೆಮಿನಾರಿನಲ್ಲಿ
ಐಡ್ರೋಜನ್ ಅಂದೆ.
ಉರಿವ ಕಡ್ಡಿ ಹಿಡಿದರೆ ಪ್ರನಾಳದ ಬಾಯಲ್ಲಿ
ಅದೇ ಅನಿಲ ಸಿಡಿಯುವಂತೆ
ಟಪ್ ಎಂದು ಸಿಡಿಯಿತು ಹಿಂದಿನ ಬೆಂಚು.
ಆಮೇಲೆ ನಾನು ಕೈ ಎತ್ತಿದ್ದು ಕಡಿಮೆ.

ಗಂಗೋತ್ರಿಯ ಗ್ರಂಥಾಲಯದ ಪಕ್ಕ, ನೆಲಮಹಡಿಯ ಕೋಣೆ.
ಒಂದು ಫ್ಯಾನು, ಎರಡು ಕುರ್ಚಿ,
ಗೋಡೆಗೆ ಒರಗಿ ಕುಳಿತ ಮೇಲ್ವಿಚಾರಕಿ.
ಹುಮೇರಾ ಉದಯಗಿರಿಯವಳು, ಎಂ.ಎ. ಇತಿಹಾಸ.
ಬಿಳಿಕೋಲು ಮಡಚಿ ಮಡಿಲಲ್ಲಿಟ್ಟು
ಪ್ರಶ್ನೆ ಓದು ಅಂದಳು. ಓದಿದೆ:
ಒಯ್ಸಳರ ಆಡಳಿತ, ಅರಿಯರನ ಕಾಲದ ಅಂಪೆ.
ತಡೆದಳು. "ನೀನು ಬರೆಯೋದೂ ಹೀಗೇನಾ?"
"ಬರೆಯೋದು ಸರಿಯಾಗೇ ಬರೀತೀನಿ. ಬಾಯಿ ಮಾತ್ರ ಇಂಗೆ."
"ನನಗೆ ಹೇಗೆ ಗೊತ್ತಾಗಬೇಕು?"

ನಿಜ. ನಾಲ್ಕು ಗಂಟೆ ಹೊತ್ತು ಅವಳ ಇತಿಹಾಸವೆಲ್ಲ
ನನ್ನ ಬೆರಳನ್ನು ನಂಬಿ ಕೂರಬೇಕು.
ಅವಳ ಮನೆಮಾತಿನಲ್ಲಿ ಹಕಾರಕ್ಕೆ ಬರವಿಲ್ಲ.
ಕನ್ನಡ ಕಲಿತದ್ದು ಬೀದಿಯಲ್ಲಿ, ರೇಡಿಯೋದಲ್ಲಿ,
ಈಚೆಗೆ ಫೋನು ಓದಿ ಹೇಳುವ ಒಣಗಂಟಲ ದನಿಯಲ್ಲಿ.
ನನ್ನ ಎಡಗೈ ಎಳೆದುಕೊಂಡು, ಅಂಗೈ ಬಿಡಿಸಿ
ಹೆಬ್ಬೆರಳಿನಿಂದ ಒತ್ತಿದಳು: "ಇದು ಅ. ಒಂದೇ ಚುಕ್ಕೆ."
ಅದರ ಕೆಳಗೊಂದು, ಆ ಕೆಳಗಿನದರ ಪಕ್ಕಕ್ಕೊಂದು: "ಇದು ಹ.
ನಿಮ್ಮೂರಿನವರು ಎರಡು ಚುಕ್ಕೆ ಉಳಿಸ್ತೀರ. ಜಿಪುಣರು."
ಮೇಲ್ವಿಚಾರಕಿ ಕೆಮ್ಮಿದರು.

ಬರೆದೆ. ಪ್ಯಾರಾ ಎಂದರೆ ಪ್ಯಾರಾ,
ಅಡಿಗೆರೆ ಎಂದರೆ ಅಡಿಗೆರೆ.
ಮೂರನೇ ಗಂಟೆಗೆ ಶ್ರೀರಂಗಪಟ್ಟಣ ಬಂತು,
ಸಾವಿರದ ಏಳುನೂರ ತೊಂಬತ್ತೆರಡು ಅಂದಳು.
ತೊಂಬತ್ತೊಂಬತ್ತು ಅಲ್ಲವಾ! ಮಂಡ್ಯ ಸೀಮೆಯವಳು ನಾನು,
ಬಸ್ಸಿನಲ್ಲಿ ತಿಂಗಳಿಗೆರಡು ಸಲ ಆ ಕೋಟೆ ದಾಟುವವಳು.
ಹೇಳುವಂತಿಲ್ಲ. ಲಿಪಿಕಾರರಿಗೆ ಅಭಿಪ್ರಾಯವಿಲ್ಲ.
ತಪ್ಪನ್ನು ಅಂದವಾಗಿ ಬರೆದೆ,
ಹೊಟ್ಟೆಯೊಳಗೆ ಸಂಕಟ.

ಮುಗಿಸಿ ಹೊರಗೆ ಬಂದು, ಮೆಟ್ಟಿಲ ಹತ್ತಿರ, ತಡೆಯಲಾರದೆ ಅಂದೆ.
"ತೊಂಬತ್ತೆರಡು ಒಪ್ಪಂದ ಕಣೇ. ಕೋಟೆ ಬಿದ್ದದ್ದು ಆಮೇಲೆ.
ಒಂದೂವರೆ ಪುಟ ಬರೆದೆಯಲ್ಲ,
ಏನು ಬರೀತಿದೀನಿ ಅಂತ ಕೇಳಿಸಿಕೊಳ್ಳಲಿಲ್ಲವಾ?"
ಕೇಳಿಸಿಕೊಂಡಿರಲಿಲ್ಲ.
ಸಹಾಯ ಮಾಡುತ್ತಿದ್ದೆ.

ಕ್ಯಾಂಟೀನಿನ ಹುಡುಗ ನನ್ನ ಮುಖ ನೋಡಿ
"ಅವರಿಗೇನು ಬೇಕಂತೆ?" ಅಂದ.
ಹುಮೇರಾ ದನಿ ಬಂದ ಕಡೆಗೆ ತಿರುಗಿದಳು:
"ಅವರಿಗೆ ಹಾಲು. ಇವಳಿಗೆ ಆಲು."
ನಾನು ನಕ್ಕ ರಭಸಕ್ಕೆ
ಪಕ್ಕದ ಮೇಜಿನವರ ಲೋಟ ಅಲುಗಿತು.
ಹುಡುಗನಿಗೆ ಅರ್ಥವಾಗಲಿಲ್ಲ, ಎರಡೂ ಹಾಲೇ ತಂದ,
ಸಕ್ಕರೆ ಮಾತ್ರ ನನಗೊಬ್ಬಳಿಗೇ ಹಾಕಿದ್ದ.

ಮುಂದಿನ ಪತ್ರಿಕೆ ಗುರುವಾರ.
ಚೀಟಿಯಲ್ಲಿ ಇನ್ನೂ ಏಮಾವತಿಯೇ ಇದ್ದೇನೆ.
ತಿದ್ದಿಸಲಾ ಅಂದರೆ,
"ಅದಕ್ಕೊಂದು ಅರ್ಜಿ, ಅರ್ಜಿಗೊಂದು ಠಸ್ಸೆ, ಬಿಡು" ಅಂತಾಳೆ,
"ಎರಡು ಪೆನ್ನು ತಾ.
ಇವತ್ತಿನದು ಗೀರುತ್ತಿತ್ತು. ಕೇಳಿಸ್ತು."