ಬಿಳಿ ಚೆಂಡು ಹೊರಡುವ ಮೊದಲು

ಅಂಚೆ ಕಚೇರಿಯ ಹಿಂದೆ ಬಯಲಿಗೇ ಬಿಟ್ಟ ಪೂಲ್ ಮೇಜು ನನ್ನದು.
ಮೇಲಿನ ಹಸಿರು ಬಟ್ಟೆ ಗೋಬಿಯ ಬಿಸಿಲಿಗೆ ಒಣಹುಲ್ಲಾಗಿದೆ.
ತೆಂಕಣ ಕಾಲಿನಡಿ ಚಪ್ಪಟೆ ಕಲ್ಲೊಂದಿದೆ, ತೆಗೆದರೆ
ಎಲ್ಲ ಚೆಂಡೂ ಚೀನಾದ ಕಡೆಗೇ ಉರುಳುತ್ತವೆ.
ಆಟಕ್ಕೆ ಐನೂರು ತುಗ್ರಿಕ್, ಸೋತವರು ಕೊಡಬೇಕು.
ಗಾಳಿ ಎದ್ದರೆ ಆಟ ನಿಂತಿತು, ದುಡ್ಡು ವಾಪಸಿಲ್ಲ.

ಹನ್ನೊಂದು ಬೇಸಿಗೆ ಈ ಮುಕ್ಕಾಲಿಯ ಮೇಲೆ ಕೂತು ಕೂತು
ಚೆಂಡು ನೋಡುವುದನ್ನು ಬಿಟ್ಟಿದ್ದೇನೆ.
ಅದರಲ್ಲೇನಿದೆ, ಹೊಡೆದ ಕಡೆ ಹೋಗುತ್ತದೆ.
ನಾನು ನೋಡುವುದು ಕಣ್ಣು.

ಲಾರಿಯ ಸೊದ್ನೋಮ್ ಬಾಗುತ್ತಾನೆ, ಗದ್ದ ಕೋಲಿಗೆ ತಾಗುವಷ್ಟು.
ಬಿಳಿ, ಕೆಂಪು, ಬಿಳಿ, ಮತ್ತೆ ಕೆಂಪು,
ಕುದುರೆಗೆ ದರ ಕೂಗುವವನ ಹಾಗೆ ಪಾಪೆ ಓಡಾಡುತ್ತದೆ.
ಕೊನೆಯ ಗಳಿಗೆಯಲ್ಲಿ, ಕೋಲು ಮುಂದೆ ಬರುವಾಗ,
ಕುಳಿಯ ಕಡೆ ಕದ್ದು ನೋಡುತ್ತಾನೆ.
ಅಲ್ಲಿಗೆ ಮುಗಿಯಿತು.
ಚೆಂಡು ಕುಳಿಯ ತುಟಿಗೆ ಬಡಿದು ಮನೆಗೆ ಬರುತ್ತದೆ.
ಅವನು ಕೋಲನ್ನು ಬೈಯುತ್ತಾನೆ, ಕಲ್ಲನ್ನು ಬೈಯುತ್ತಾನೆ, ಆಮೇಲೆ ನನ್ನನ್ನು.

ಪೂಜೀ ಕುರಿಗಳ ಡಾಕ್ಟರು.
ಅವಳ ಕಣ್ಣು ಬಿಳಿಯ ಮೇಲೇ, ಎವೆಯಿಕ್ಕದೆ,
ಕೋಲಿನ ತುದಿ ಮುಟ್ಟುವ ಸಾಸಿವೆಯಷ್ಟು ಜಾಗದಲ್ಲಿ.
"ಸೂಜಿ ಇಳಿಯುವಲ್ಲಿ ನೋಡಬೇಕು" ಅನ್ನುತ್ತಾಳೆ,
"ಕುರಿಯ ಮುಖ ನೋಡುತ್ತ ಕೂತರೆ ಕೈ ನಡುಗುತ್ತದೆ."
ಸರಿಯೇ. ಆದರೂ ಎರಡಕ್ಕೊಂದು ತಪ್ಪುತ್ತದೆ.

ಇದೇ ವಿಷಯಕ್ಕೆ ಸಂಜೆಯೆಲ್ಲ ಜಗಳ,
ಕುದುರೆ ಹಾಲಿನ ಹುಳಿ ಬಟ್ಟಲು ಕೈಯಿಂದ ಕೈಗೆ ದಾಟುತ್ತ:
ಕಡೆಯ ನೋಟ ಹೊಡೆಯುವ ಚೆಂಡಿಗೋ, ಹೊಡೆಸಿಕೊಳ್ಳುವ ಚೆಂಡಿಗೋ?

ಮುದುಕ ಯಾದಮ್‌ಗೆ ಎಡಗಣ್ಣಿಲ್ಲ.
"ನನ್ನ ಕಣ್ಣುಗಳಲ್ಲಿ ಭಿನ್ನಾಭಿಪ್ರಾಯವಿಲ್ಲ" ಎಂದು ನಗುತ್ತಾನೆ.
ಅವನೇ ಒಮ್ಮೆ ಹೇಳಿಕೊಟ್ಟಿದ್ದು:
ಕೆಂಪಿಗೆ ಒತ್ತಿಕೊಂಡು, ಕುಳಿಯ ನೇರಕ್ಕೆ,
ಅದರ ಬೆನ್ನ ಹಿಂದೆ ಇನ್ನೊಂದು ಬಿಳಿ ಕೂತಿದೆ ಅಂದುಕೋ.
ಅದು ಇಲ್ಲ.
ನಿನ್ನ ಬಿಳಿಯನ್ನು ಆ ಜಾಗಕ್ಕೆ ಕಳಿಸು.

"ಇಲ್ಲದ್ದನ್ನು ನೋಡುವುದು ಹೇಗೆ?"
"ಯಾಕೆ, ಕಳೆದುಹೋದ ಒಂಟೆಯನ್ನು ನೀನು ಹುಡುಕಿಲ್ಲವೇ?"

ಹೋದ ಚಳಿಗೆ ಬಿಳಿ ಚೆಂಡು ಸೀಳಿತು.
ರಾತ್ರಿ ಹೊರಗೇ ಮರೆತಿದ್ದೆ, ತಪ್ಪು ನನ್ನದು.
ಜಿಲ್ಲಾ ಪೇಟೆಯಿಂದ ತಂದ ಹೊಸದು ಕೂದಲೆಳೆಯಷ್ಟು ದಪ್ಪ.
ವಸಂತದ ಮೊದಲ ಆಟಕ್ಕೆ ಯಾದಮ್ ಬಾಗಿದ.
ಒಂಟಿ ಕಣ್ಣು ಎಂದಿನಂತೆ ಆ ಬರಿದು ಜಾಗದಲ್ಲಿ ನೆಟ್ಟಿತ್ತು,
ನಾನು ಕಂಡೆ, ಕದಲಲಿಲ್ಲ.
ಹೊಡೆದ.
ಕೆಂಪಿಗೆ ದಪ್ಪಗೆ ತಾಗಿ ಅಂಚಿಗೆ ಹೋಯಿತು.
ಅವನು ನೋಡುತ್ತಿದ್ದ ಇಲ್ಲದ ಚೆಂಡು
ಹಳೆಯ ಅಳತೆಯದು.

ಮೂರು ದಿನ ಅವನು ಕೋಲು ಮುಟ್ಟಲಿಲ್ಲ.
ಒಂದು ಕೈಯಲ್ಲಿ ಸೀಳಿದ್ದು, ಇನ್ನೊಂದರಲ್ಲಿ ಹೊಸದು,
ಗೋಡೆಯ ಬಿಸಿಲಿಗೆ ಕೂತು ಎರಡನ್ನೂ ತಿರುಗಿಸುತ್ತಿದ್ದ.

ಅಷ್ಟರಲ್ಲಿ ದುಲಾಮ್, ಅಂಚೆಯವಳ ಮಗಳು, ಹನ್ನೊಂದರ ಪ್ರಾಯ,
ಪೆಟ್ಟಿಗೆಯ ಮೇಲೆ ನಿಂತು, ನಾಲಿಗೆ ಹೊರಗೆ ಹಾಕಿ
ನಾಲ್ಕು ಚೆಂಡು ಸಾಲಾಗಿ ಇಳಿಸಿದಳು.
ಹಳೆಯ ಬಿಳಿಯನ್ನು ಅವಳು ಕಂಡವಳೇ ಅಲ್ಲ.
ಅವಳ ಕಣ್ಣು ಎಲ್ಲಿದೆ ಎಂದು ನಾನು ಹಿಡಿಯುವಷ್ಟರಲ್ಲಿ
ಚೆಂಡು ಹೊರಟಿರುತ್ತಿತ್ತು.
ದುಡ್ಡು ಕೇಳಲು ಮರೆತೆ.

ನಿನ್ನೆ ಎಲ್ಲರೂ ಹೋದಮೇಲೆ, ಇನ್ನೂ ಬೆಳಕಿತ್ತು,
ಮೊದಲ ಸಲ ಕೋಲು ತೆಗೆದುಕೊಂಡೆ.
ಬಾಗಿದೆ. ಸೊಂಟ ಹಿಡಿಯಿತು.
ಬಿಳಿ ನೋಡಿದೆ, ಕೆಂಪು ನೋಡಿದೆ, ನಡುವಿನ ಬಟ್ಟೆಯ ಹರುಕು ನೋಡಿದೆ,
ಆಮೇಲೆ ಏನು ನೋಡಿದೆನೋ,
ತೋಳು ತಾನಾಗಿ ಹೋಯಿತು.

ಬಿದ್ದ ಸದ್ದಾಯಿತು.
ಮುಕ್ಕಾಲಿಯ ಕಡೆ ತಿರುಗಿದೆ, ಕೇಳೋಣವೆಂದು.
ಖಾಲಿ.
ಕುಳಿಯ ಬಲೆ ಹರಿದು ವರ್ಷವಾಯಿತು; ಕೆಂಪು ನೆಲಕ್ಕುರುಳಿ
ಮೇಜಿನಡಿ ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು,
ನನ್ನನ್ನಲ್ಲ.